ವಿಮೆ ಇದ್ದರೆ ಸಾಕೆ, ವೈದ್ಯರು ಬೇಡವೆ?

ಮಾನ್ಯ ಸಂಪಾದಕರೆ,

ಅಮೆರಿಕದಲ್ಲಿ ಬಡವರ ಕೈಗೆ ಆರೋಗ್ಯ ವಿಮೆ ಬಂದರೂ ಅವರನ್ನು ನೋಡುವ ಪ್ರಾಥಮಿಕ ಹಂತದ ವೈದ್ಯರು ಸಾಲದಾಗಿದ್ದಾರೆ ಎಂಬ ವರದಿ ಯೋಚನೆಗೆ ಹಚ್ಚಿತು. 2010ರ ಆರೋಗ್ಯ ಸುಧಾರಣಾ ಕಾಯ್ದೆಯ ಫಲವಾಗಿ, 2014ರಿಂದ ಅಲ್ಲಿನ ಹಲವು ರಾಜ್ಯಗಳು ಬಡತನ ರೇಖೆಯ ಶೇ 138ರಷ್ಟು ವರಮಾನವಿರುವವರಿಗೂ ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ‘ಮೆಡಿಕೈಡ್’ ವಿಸ್ತರಿಸಿದವು. ಆದರೆ ಮೆಡಿಕೈಡ್ ವೈದ್ಯರಿಗೆ ಕೊಡುವ ಶುಲ್ಕ ಹಿರಿಯರ ಸರ್ಕಾರಿ ವಿಮೆ ‘ಮೆಡಿಕೇರ್’ಗೆ ಹೋಲಿಸಿದರೆ ಬಹುತೇಕ ಕಡೆ ಕಡಿಮೆ. ಹಾಗಾಗಿ ಎಷ್ಟೋ ಕ್ಲಿನಿಕ್‌ಗಳು ಹೊಸ ಮೆಡಿಕೈಡ್ ರೋಗಿಗಳನ್ನು ಸೇರಿಸಿಕೊಳ್ಳುವುದೇ ಇಲ್ಲ. 2013 ಮತ್ತು 2014ರಲ್ಲಿ ಪ್ರಾಥಮಿಕ ಚಿಕಿತ್ಸೆಯ ಶುಲ್ಕವನ್ನು ಮೆಡಿಕೇರ್ ಮಟ್ಟಕ್ಕೆ ಏರಿಸಲಾಗಿತ್ತು. ವಿಮೆ ವಿಸ್ತರಣೆಯಾಗಿ ರೋಗಿಗಳು ಬರತೊಡಗಿದ ಹೊತ್ತಿಗೆ ಆ ಹೆಚ್ಚಳಕ್ಕೆ ಸಿಗುತ್ತಿದ್ದ ಫೆಡರಲ್ (ಕೇಂದ್ರ ಸರ್ಕಾರದ) ನೆರವೇ ಮುಗಿಯಿತು! ಊಟಕ್ಕೆ ಕರೆದು ಎಲೆ ಎತ್ತಿದ ಹಾಗಾಯಿತು.

ವೈದ್ಯರು ಸಿಗದವರು ಕೊನೆಗೆ ತುರ್ತು ಚಿಕಿತ್ಸಾ ವಿಭಾಗದ ಬಾಗಿಲು ತಟ್ಟುತ್ತಾರೆ. ಅಲ್ಲಿ ಖರ್ಚೂ ಹೆಚ್ಚು. ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ತೊಂದರೆಗಳಿಗೆ ಬೇಕಾದ ನಿರಂತರ ನಿಗಾ ಸಿಗುವುದೂ ಇಲ್ಲ.

ಆ ಶುಲ್ಕ ಹೆಚ್ಚಳವನ್ನು ಕಾಯಂ ಮಾಡಬೇಕು. ವರಮಾನಕ್ಕೆ ತಕ್ಕಂತೆ ಶುಲ್ಕ ಪಡೆಯುವ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಅನುದಾನ ಹೆಚ್ಚಿಸಿ, ಉನ್ನತ ತರಬೇತಿ ಪಡೆದ ನರ್ಸ್‌ಗಳು ಸ್ವತಂತ್ರವಾಗಿ ಚಿಕಿತ್ಸೆ ನೀಡಲು ಎಲ್ಲ ರಾಜ್ಯಗಳೂ ಅವಕಾಶ ಕೊಡುವುದು ಒಳಿತು.

– ಓರ್ವ ಓದುಗ