ಕೂಡಿ ಕಲಿಯುವುದಕ್ಕೂ ಇಂಟರ್ನಲ್ ಅಂಕ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಈಗ ಪ್ರತಿ ಕ್ಲಾಸಿಗೂ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆ. ಫೀಸ್ ಕಟ್ಟುವ ಕೊನೇ ದಿನ, ಟೈಮ್ ಟೇಬಲ್, ನೋಟ್ಸ್‌ನ ಪಿಡಿಎಫ್ ಎಲ್ಲಾ ಅದರಲ್ಲೇ ಬರುತ್ತವೆ. ಮಕ್ಕಳು 'ಓಕೆ ಮೇಡಂ' ಅಂತ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಮೊದಲು ನೋಟಿಸ್ ಬೋರ್ಡ್ ಮಾಡುತ್ತಿದ್ದ ಕೆಲಸವನ್ನೇ ಈಗ ಫೋನು ಮಾಡುತ್ತಿದೆ. ಒಬ್ಬರಿಂದ ಒಬ್ಬರು ಕಲಿಯುವುದು ಇದರಲ್ಲಿ ಎಲ್ಲಿದೆ?

ಕೂಡಿ ಕಲಿಯಲು ಕೂಡಿ ಮಾಡುವ ಕೆಲಸ ಬೇಕು. ಅಂಥದ್ದೊಂದು ಜಾಗ ಕನ್ನಡದಲ್ಲೇ 2003ರಿಂದ ಇದೆ: ಯಾರು ಬೇಕಾದರೂ ಬರೆದು ತಿದ್ದಬಹುದಾದ ಆನ್‌ಲೈನ್ ವಿಶ್ವಕೋಶ, ಕನ್ನಡ ವಿಕಿಪೀಡಿಯ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ, ಮೂಡುಬಿದಿರೆಯ ಆಳ್ವಾಸ್ ಕಾಲೇಜಿನ ವಿದ್ಯಾರ್ಥಿಗಳು ಅದಕ್ಕೆ ಬರೆದಿದ್ದಾರೆ. ಅದನ್ನು ನೋಡಿ ನಾನೂ ಸಸ್ಯಶಾಸ್ತ್ರದ ಕೆಲವು ಮಕ್ಕಳಿಗೆ ಅಡಿಕೆ ಕೊಳೆರೋಗದ ಬಗ್ಗೆ ಬರೆಯಲು ಹೇಳಿದೆ.

ಒಬ್ಬ ಹುಡುಗ ಈ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಬಗ್ಗೆ ಬರೆದ. 1 ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹಾಕಬೇಕು. ಕಲಸಿದ ಮೇಲೆ ಕಬ್ಬಿಣದ ಚೂರಿ ಅದ್ದಿ ನೋಡಬೇಕು. ಚೂರಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಅಪ್ಪ ತೋಟದಲ್ಲಿ ಮಾಡುವುದನ್ನು ನೋಡಿ ಅವನಿಗೆ ಇದೆಲ್ಲ ಗೊತ್ತಿತ್ತು. ಪುಟಕ್ಕೆ ಹಾಕಿದ ಕೂಡಲೇ ಪರಿಚಯವೇ ಇಲ್ಲದ ಯಾರೋ 'ಆಧಾರ ಕೊಡಿ' ಎಂದು ಕೇಳಿದರು. ಹುಡುಗನಿಗೆ ಸಿಟ್ಟು ಬಂತು. ಆಗ ಜೊತೆಯ ಹುಡುಗಿಯೊಬ್ಬಳು ಕೃಷಿ ಇಲಾಖೆಯ ಕೈಪಿಡಿ ಹುಡುಕಿ ತಂದಳು. ಚೂರಿಗೆ ತಾಮ್ರ ಯಾಕೆ ಹತ್ತುತ್ತದೆ ಎಂದು ಕೆಮಿಸ್ಟ್ರಿ ಓದುವವನೊಬ್ಬ ಆ ಲೇಖನದ ಜೊತೆಗಿರುವ ಚರ್ಚೆ ಪುಟದಲ್ಲಿ ವಿವರಿಸಿದ. ನಾನು ಬೋರ್ಡಿನ ಮೇಲೆ ಬರೆದು ಹೇಳಿದ್ದರೆ ಇವರು ಇಷ್ಟು ಕಲಿಯುತ್ತಿರಲಿಲ್ಲ. ಇದನ್ನು ಖಂಡಿತವಾಗಿ ಹೇಳುತ್ತೇನೆ.

'ಒಬ್ಬ ಮಾಡುತ್ತಾನೆ, ಉಳಿದವರು ಸುಮ್ನೆ ಹೆಸರು ಹಾಕಿಕೊಳ್ಳುತ್ತಾರೆ' ಎಂಬ ಆಕ್ಷೇಪ ನಮ್ಮ ಸಹೋದ್ಯೋಗಿಗಳಲ್ಲಿ ಜಾಸ್ತಿ. ವಿಕಿಪೀಡಿಯದಲ್ಲಿ ಪ್ರತಿ ಪುಟಕ್ಕೂ 'ಇತಿಹಾಸ' ಇರುತ್ತದೆ. ಯಾರು, ಯಾವಾಗ, ಎಷ್ಟು ಬರೆದರು ಎಂಬುದು ಅಲ್ಲಿ ಕಾಣುತ್ತದೆ. ಎಐ ಬರೆದುಕೊಟ್ಟ ಅಸೈನ್‌ಮೆಂಟಿನಲ್ಲಿ ಇದು ಕಾಣುತ್ತದಾ?

ಹಾಗಂತ ರಾತ್ರೋರಾತ್ರಿ ಎಲ್ಲಾ ಕಾಲೇಜಿಗೂ ಕಡ್ಡಾಯ ಮಾಡಬೇಡಿ. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಸುವ ಕಾರ್ಯಕ್ರಮ ದೊಡ್ಡದಾಗಿ ನಡೆಯಿತು. ವಿದ್ಯಾರ್ಥಿಗಳು ತುಂಬಾ, ಹೇಳಿಕೊಡುವವರು ಕಡಿಮೆ. ಎಷ್ಟೋ ಮಕ್ಕಳು ಪುಸ್ತಕದಿಂದ, ವೆಬ್‌ಸೈಟಿನಿಂದ ಎತ್ತಿ ಹಾಕಿದರು. ಕೃತಿಸ್ವಾಮ್ಯದ ತಕರಾರು ಬಂದು ಅದನ್ನು ನಿಲ್ಲಿಸಬೇಕಾಯಿತು. ಮೊದಲು ಮೇಷ್ಟ್ರುಗಳಿಗೆ ತರಬೇತಿ ಬೇಕು.

ಕಂಪ್ಯೂಟರಿನೊಳಗೆ ಕಟ್ಟಿದ ವರ್ಚುವಲ್ ಲೋಕದಲ್ಲಿ ಪಾಠ ಮಾಡುವ ಮಾತೂ ಈಗ ಜೋರಾಗಿದೆ. ವಿ.ಆರ್. ಕನ್ನಡಕ ಕೊಳ್ಳುವ ಮೊದಲು ಹಳೆಯದೊಂದು ಅನುಭವ ನೋಡಬೇಕು. 2006ರಲ್ಲಿ ಹಾರ್ವರ್ಡ್ ಕಾನೂನು ಶಾಲೆ 'ಸೆಕೆಂಡ್ ಲೈಫ್' ಎಂಬ ವರ್ಚುವಲ್ ಲೋಕದಲ್ಲಿ ಪಾಠ ಮಾಡಿತು. ಬೇರೆ ಎಷ್ಟೋ ವಿಶ್ವವಿದ್ಯಾಲಯಗಳು ಅಲ್ಲಿ ಜಾಗ ಕೊಂಡವು. 2010ರಲ್ಲಿ ಅದನ್ನು ನಡೆಸುವ ಕಂಪನಿ ಶಿಕ್ಷಣ ಸಂಸ್ಥೆಗಳ ರಿಯಾಯಿತಿ ತೆಗೆಯುವುದಾಗಿ ಹೇಳಿತು, ಹಲವರು ಬಿಟ್ಟು ಹೊರಟರು. ನಮಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಕೇಂದ್ರ ಸರ್ಕಾರದ 'ವರ್ಚುವಲ್ ಲ್ಯಾಬ್ಸ್' ತಾಣದಲ್ಲಿ ಸುರತ್ಕಲ್‌ನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆ ಸೇರಿ ಹಲವು ಸಂಸ್ಥೆಗಳು ಮಾಡಿದ ಪ್ರಯೋಗಗಳು ಉಚಿತವಾಗಿ ಸಿಗುತ್ತವೆ. ಲ್ಯಾಬ್ ಇಲ್ಲದ ಊರಿನ ಕಾಲೇಜಿಗೆ ಅದು ದೊಡ್ಡ ಆಸರೆ. ಆದರೆ ಒಬ್ಬೊಬ್ಬರೇ ಕ್ಲಿಕ್ ಮಾಡಿ ಎದ್ದು ಹೋದರೆ ಉಪಯೋಗ ಅರ್ಧವೇ. ಇಬ್ಬಿಬ್ಬರನ್ನು ಕೂರಿಸಿ, ಬಂದ ರೀಡಿಂಗ್ ಹೋಲಿಸಿ ಮಾತಾಡುವಂತೆ ಮಾಡಬೇಕು.

ಪಠ್ಯಕ್ರಮ ರೂಪಿಸುವ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಲ್ಲಿ ನನ್ನ ಮನವಿ ಇಷ್ಟೇ. ಇಂಟರ್ನಲ್ ಅಂಕಗಳಲ್ಲಿ ಒಂದು ಭಾಗವನ್ನು ಇಂಥ ಗುಂಪು ಕೆಲಸಕ್ಕೆ ಮೀಸಲಿಡಿ. ಗುಂಪಿನಲ್ಲಿ ನಾಲ್ಕೈದು ಜನರಿಗಿಂತ ಜಾಸ್ತಿ ಬೇಡ. ಅಸೈನ್‌ಮೆಂಟ್ ಕಟ್ಟಿನ ಬದಲು ಪುಟದ ಇತಿಹಾಸ ನೋಡಿ ಅಂಕ ಕೊಡಲು ನಮಗೆ ಅನುಮತಿ ಕೊಡಿ. ಫೋನೇ ಇಲ್ಲದ ಮಕ್ಕಳು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗಾಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬನ್ನು ಸಂಜೆ ಐದರವರೆಗಾದರೂ ತೆರೆದಿಡುವ ಆದೇಶ ಹೊರಡಿಸಿ.

ಸಸ್ಯಶಾಸ್ತ್ರ ಉಪನ್ಯಾಸಕಿ, ಶಿರಸಿ