ಪುಸ್ತಕ ಮುಚ್ಚಿ ಬರೆದುಕೋ

ಪ್ರೀತಿಯ ತಮ್ಮನಿಗೆ ಆಶೀರ್ವಾದಗಳು.

ಕೆರೆಗಳ ಬಗೆಗಿನ ಲೇಖನಕ್ಕೆಂದು ನೀನು ಮಾಡಿಕೊಂಡ ಟಿಪ್ಪಣಿಗಳನ್ನು ಎರಡು ಸಲ ಓದಿದೆ. ಅಕ್ಷರ ಮುತ್ತಿನಂತಿದೆ, ಪಟ್ಟ ಶ್ರಮವೂ ಕಾಣುತ್ತದೆ. ಆದರೆ 40 ಪುಟಗಳಲ್ಲಿ ನಿನ್ನ ದನಿ ಒಮ್ಮೆಯೂ ಕೇಳಿಸಲಿಲ್ಲ.

11ನೆಯ ಪುಟ ತೆಗೆ. ‘ಹೆಚ್ಚುವರಿ ಜಲರಾಶಿಯ ನಿರ್ಗಮನಕ್ಕೆ ಸೂಕ್ತ ವ್ಯವಸ್ಥೆಯನ್ನು ಕಲ್ಪಿಸಲಾಗಿರುತ್ತದೆ’ ಎಂದು ಇಳಿಸಿಕೊಂಡಿದ್ದೀಯ. ಮುಂದಿನ ಪುಟದಲ್ಲಿ ಆ ವ್ಯವಸ್ಥೆಯನ್ನೇ ತೂಬು ಎಂದು ಕರೆದಿದ್ದೀಯ. ಅದು ತೂಬಲ್ಲ, ಕೋಡಿ. ತೂಬನ್ನು ನೀರುಗಂಟಿ ಬೇಕಾದಾಗ ತೆಗೆದು ಗದ್ದೆಗಳಿಗೆ ನೀರು ಬಿಡುತ್ತಾನೆ. ಕೋಡಿಗೆ ಯಾರ ಅಪ್ಪಣೆಯೂ ಬೇಡ. ಕೆರೆ ತುಂಬಿದರೆ ನೀರು ತಾನಾಗಿ ಅದರ ಮೇಲೆ ಹರಿದುಹೋಗುತ್ತದೆ. ಕೋಡಿ ಏರಿಗಿಂತ ತಗ್ಗಿನಲ್ಲಿರುವುದು ಅದಕ್ಕೇ. ಇಲ್ಲದಿದ್ದರೆ ನೀರು ಮಣ್ಣಿನ ಏರಿಯನ್ನು ಹತ್ತಿ ಹರಿದು, ಕೊರೆದು, ಕೆರೆಯೇ ಒಡೆದುಹೋಗುತ್ತದೆ. ನೀರು ಎಲ್ಲಿಂದ ಹೋಗುತ್ತದೆ, ಯಾರು ಬಿಡುತ್ತಾರೆ ಎಂಬುದನ್ನು ನಿನ್ನ ಮಾತಿನಲ್ಲಿ ಬರೆಯಹೊರಟಿದ್ದರೆ ಪೆನ್ನು ಅಲ್ಲಿಯೇ ನಿಲ್ಲುತ್ತಿತ್ತು. ಹಾಗೆ ನಿಲ್ಲಬೇಕು. ನಕಲು ಮಾಡುವಾಗ ಕೈ ತಡೆಯದೆ ಓಡುತ್ತದೆ, ತಿಳಿಯದ್ದು ಹಾಗೆಯೇ ಮುಚ್ಚಿಹೋಗುತ್ತದೆ.

ನಾನು ಇದನ್ನು ಕಲಿತದ್ದು ಅವಮಾನಪಟ್ಟು. ಮೂವತ್ತರ ಆಸುಪಾಸಿನಲ್ಲಿ ನನ್ನದೊಂದು ಲೇಖನ ಅಚ್ಚಾಯಿತು. ಅದರ ಎರಡು ಪ್ಯಾರಾಗಳು ಬೇರೊಬ್ಬ ಹಿರಿಯರವು ಎಂದು ಓದುಗರೊಬ್ಬರು ಪತ್ರ ಬರೆದರು. ಕದಿಯಬೇಕೆಂದು ಕದ್ದದ್ದಲ್ಲ. ಎಷ್ಟೋ ವರ್ಷಗಳ ಹಿಂದೆ ಉದ್ಧರಣ ಚಿಹ್ನೆ ಹಾಕದೆ ಇಳಿಸಿಕೊಂಡ ಸಾಲುಗಳನ್ನು ನನ್ನವೇ ಎಂದು ನಂಬಿದ್ದೆ. ಆ ಹಿರಿಯರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ, ಕಾಫಿ ಕೊಟ್ಟು ಕಳುಹಿಸಿದರು. ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಅಂದಿನಿಂದ ಒಂದು ಅಧ್ಯಾಯ ಓದಿದ ಮೇಲೆ ಪುಸ್ತಕ ಮುಚ್ಚಿಬಿಡುತ್ತೇನೆ. ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಾಡಿ ಬಂದು, ಓದಿದ್ದನ್ನು ಮನೆಯವರಿಗೆ ಹೇಳುವಂತೆ ಬರೆಯುತ್ತೇನೆ. ಆಮೇಲೆ ಪುಸ್ತಕ ತೆರೆದು ತಪ್ಪಿದ್ದನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತೇನೆ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. 5 ನಿಮಿಷ ಬಿಟ್ಟು ಪರೀಕ್ಷಿಸಿದಾಗ ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ, ಪಾಠ ಬದಿಗಿಟ್ಟು ನೆನಪಿನಿಂದ ಬರೆದಿದ್ದವರಿಗೆ ಹೆಚ್ಚು ಉಳಿದಿತ್ತು. ಪುಸ್ತಕ ಎದುರಿಗಿದ್ದಾಗ ಎಲ್ಲವೂ ತಿಳಿದಂತೆ ಅನ್ನಿಸುತ್ತದೆಯಲ್ಲ, ಅದನ್ನು ನಂಬಬೇಡ.

ಶಾಸನದ ಪಾಠ, ಇಸವಿ, ಅಳತೆ, ಊರಿನ ಹೆಸರು, ಇವನ್ನು ಮಾತ್ರ ಒಂದಕ್ಷರ ಬದಲಿಸದೆ, ಪುಟಸಂಖ್ಯೆಯೊಂದಿಗೆ ಬರೆದುಕೋ. ಇನ್ನೊಬ್ಬರ ವಾಕ್ಯವಾದರೆ ಉದ್ಧರಣ ಚಿಹ್ನೆ ಮರೆಯಬೇಡ. ‘ಕಟ್ಟುಕೊಡಗೆ’ಯಂಥ ಪದವನ್ನು ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲಿ ‘ಕೆರೆ ಕಟ್ಟಿಸಿದ್ದಕ್ಕೆ, ದುರಸ್ತಿ ಮಾಡಿಸಿದ್ದಕ್ಕೆ ಬಿಟ್ಟುಕೊಟ್ಟ ಜಮೀನು’ ಎಂದು ನಿನ್ನ ಮಾತಿನಲ್ಲಿ ಅರ್ಥ ಬರೆ.

ಈ ಭಾನುವಾರ ನಿಮ್ಮೂರ ಕೆರೆಯ ಏರಿಯ ಮೇಲೆ ಕೋಡಿಯವರೆಗೂ ನಡೆದು ಹೋಗು. ನೀರುಗಂಟಿ ಮನೆತನದ ಹಿರಿಯರು ಯಾರಾದರೂ ಸಿಕ್ಕರೆ ಕೂತು ಮಾತಾಡಿಸು. ಮನೆಗೆ ಬಂದು, ಯಾವ ಪುಸ್ತಕವನ್ನೂ ತೆರೆಯದೆ, 11ನೆಯ ಪುಟವನ್ನು ಹೊಸದಾಗಿ ಬರೆದು ನನಗೆ ಕಳುಹಿಸು.

ಇಂತಿ,
ನಿನ್ನ ಅಣ್ಣ