ಕೆಮ್ಮಣ್ಣುಗುಂಡಿಗೆ ಬರೋರಿಗೆ ಊರಿನ ಕಥೆನೂ ಗೊತ್ತಾಗ್ಲಿ ಅಂತ ಒಂದು ಮನವಿ

ಗೆ,
ಮಾನ್ಯ ಅಧ್ಯಕ್ಷರು, ಸದಸ್ಯರು ಮತ್ತು ಸಂಬಂಧಪಟ್ಟ ಅಧಿಕಾರಿಗಳಿಗೆ

ವಿಷಯ: ಗಿರಿಧಾಮದ ಇತಿಹಾಸದ ಬೋರ್ಡು, ಕಲ್ಲತ್ತಿಗಿರಿಯಲ್ಲಿ ಬಟ್ಟೆ ಬದಲಾಯಿಸೋ ರೂಮು, ಹೆಬ್ಬೆ ಫಾಲ್ಸ್‌ಗೆ ಹೋಗೋರಿಗೆ ಸರಿಯಾದ ಮಾಹಿತಿ

ಮಾನ್ಯರೇ,

ನಾವು ಲಿಂಗದಹಳ್ಳಿಯಿಂದ ಕಲ್ಲತ್ತಿಗಿರಿ ದಾಟಿ ಕೆಮ್ಮಣ್ಣುಗುಂಡಿ ಗುಡ್ಡ ಹತ್ತೋ ರೋಡಿನ ಆಚೀಚೆ ಇರೋ ಜನ. ವೀಕೆಂಡ್ ಬಂತು ಅಂದ್ರೆ ಕಾರು, ಬೈಕು, ಟಿಟಿ ಎಲ್ಲ ಸಾಲು ಹಿಡಿದು ನಮ್ಮ ಮನೆ ಮುಂದೇನೇ ಮೇಲೆ ಹೋಗೋದು, ಬರ್ಲಿ, ನಮಗೂ ಅದ್ರಿಂದ ನಾಲ್ಕು ಕಾಸು ಆಗತ್ತೆ, ಬೇಡ ಅಂತಿಲ್ಲ. ಆದ್ರೆ ಬಂದೋರು ಝಡ್ ಪಾಯಿಂಟ್ ಅನ್ನೋ ವ್ಯೂ ಪಾಯಿಂಟಲ್ಲಿ ಫೋಟೋ ಹೊಡ್ಕೊಂಡು, ಮೇಲಿರೋ ರಾಜಭವನ ಗೆಸ್ಟ್‌ಹೌಸ್ ಹತ್ರ ಸೂರ್ಯ ಮುಳುಗೋದು ನೋಡಿ ಇಳಿದುಬಿಡ್ತಾರೆ, ಈ ಜಾಗ ಯಾರು ಕಟ್ಟಿದ್ದು, ಯಾತಕ್ಕೆ ಕಟ್ಟಿದ್ದು ಅಂತ ಕೇಳಿದ್ರೆ ಮುಖ ಮುಖ ನೋಡ್ತಾರೆ.

ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯೋಕೆ ಆರಿಸ್ಕೊಂಡ ಜಾಗ ಇದು, ಬಾಬಾಬುಡನ್‌ಗಿರಿ ಸಾಲಲ್ಲಿ 1434 ಮೀಟರ್ ಎತ್ತರದಲ್ಲಿ. ಕೃಷ್ಣರಾಜೇಂದ್ರ ಗಿರಿಧಾಮ ಅಂತ ಹೆಸರು ಬಂದಿದ್ದೂ ಅವರಿಂದ್ಲೇ, ಆಮೇಲೆ ತೋಟಗಾರಿಕೆ ಇಲಾಖೆ ಕೈಗೆ ಬಂತು. ಇಷ್ಟನ್ನಾದ್ರೂ ಗೈಡ್‌ಗಳು ಹೇಳ್ತಾರೆ. ಹೇಳದೇ ಬಿಡೋದು ಅದಿರಿನ ವಿಚಾರ. ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡ್ತಲ್ಲ, ಅದಕ್ಕೆ ಅದಿರು ಹೋಗಿದ್ದು ಈ ಗುಡ್ಡದಿಂದ, ಇಲ್ಲಿಂದ ರೋಪ್‌ವೇ ತೊಟ್ಟಿಲಲ್ಲಿ ಕೆಳಗೆ ಇಳಿಸ್ತಿದ್ರು, ಕಾರ್ಖಾನೇಲಿ ಮಲೆನಾಡಿನ ಮರದ ಇದ್ದಿಲು ಹಾಕಿ ಕರಗಿಸ್ತಿದ್ರು. ನಷ್ಟದಲ್ಲಿದ್ದ ಆ ಕಾರ್ಖಾನೆನ ವಿಶ್ವೇಶ್ವರಯ್ಯನವರು ಹಳಿಗೆ ತಂದ್ರು ಅಂತ ಶಾಲೇಲಿ ಓದ್ತೀವಿ, ಆದ್ರೆ ಆ ಕಬ್ಬಿಣ ನಮ್ಮ ಕಾಲ ಕೆಳಗಿನ ಕೆಂಪು ಮಣ್ಣು ಅಂತ ನಮ್ಮ ಮಕ್ಳಿಗೇ ಗೊತ್ತಿಲ್ಲ. ಮಹಾರಾಜರ ವಿಶ್ರಾಂತಿ ಜಾಗ ಮತ್ತು ಗಣಿ ಒಂದೇ ಗುಡ್ಡದಲ್ಲಿ ಇರೋದು ಬೇರೆ ಗಿರಿಧಾಮಗಳಲ್ಲಿ ಸುಲಭಕ್ಕೆ ಸಿಗಲ್ಲ. ಹಾಗಾಗಿ ಹೂದೋಟದ ಹತ್ರ ಹಳೇ ಫೋಟೋ, ಮ್ಯಾಪ್ ಸಮೇತ ಎರಡು ದೊಡ್ಡ ಬೋರ್ಡು ಹಾಕಿಸಿ, ಕನ್ನಡ ಮೇಲಿರ್ಲಿ, ಮತ್ತೆ ದಯವಿಟ್ಟು ಫ್ಲೆಕ್ಸ್ ಬೇಡ, ಇಲ್ಲಿನ ಮಳೆಗೆ ಒಂದು ವರ್ಷಾನೂ ಬರಲ್ಲ.

ಇನ್ನು ಕಲ್ಲತ್ತಿಗಿರಿ. ವೀರಭದ್ರೇಶ್ವರನ ದೇವಸ್ಥಾನ, ವಿಜಯನಗರ ಕಾಲದ್ದು ಅಂತಾರೆ, ಕಲ್ಲಿನ ಆನೆಗಳ ಹತ್ರ ನೀರು ಬೀಳೋದೇ ಒಂದು ಚೆಂದ. ದೇವರಿಗೆ ಅಂತ ಬಂದೋರು ಆ ನೀರಿಗೆ ತಲೆಕೊಟ್ಟು ಸ್ನಾನ ಮಾಡ್ತಾರೆ, ಅದು ಹಿಂದಿಂದಲೂ ಇದೆ, ಈಗ ಶಾಂಪೂ ಹಾಕ್ಕೊಂಡು ತಲೆ ಉಜ್ಜೋರೂ ಸೇರ್ಕೊಂಡಿದಾರೆ. ಖಾಲಿ ಪ್ಯಾಕೆಟ್ ಕಲ್ಲಿನ ಸಂದೀಲಿ ತುರುಕಿ ಹೋಗ್ತಾರೆ, ನಾವೇ ಹುಡುಗ್ರು ಸೇರಿ ಕಡ್ಡೀಲಿ ಕೆದಕಿ ತೆಗೀಬೇಕು. ಹೆಣ್ಮಕ್ಳು ಒದ್ದೆ ಸೀರೇಲಿ ನಡುಗ್ತಾ ನಿಂತಿರ್ತಾರೆ, ಸುತ್ತ ಇನ್ನಿಬ್ರು ಬೆಡ್‌ಶೀಟ್ ಹಿಡ್ಕೊಂಡು ಮರೆ ಮಾಡ್ಬೇಕು, ನೋಡೋಕೆ ನಮಗೇ ನಾಚಿಕೆ. ದೇವಸ್ಥಾನದ ಅಂದ ಕೆಡದಂಗೆ ಸ್ವಲ್ಪ ದೂರದಲ್ಲಿ ನಾಲ್ಕು ರೂಮು, ಬಾಗಿಲಿಗೆ ಒಳಗಿಂದ ಚಿಲಕ, ಇಷ್ಟೇ ಸಾಕು. ಸೋಪು ಶಾಂಪೂ ನೀರಿಗೆ ಇಳಿಸದಂಗೆ ಒಬ್ಬ ಕಾವಲಿನವರನ್ನ ಹಾಕಿದ್ರೆ ಇನ್ನೂ ಒಳ್ಳೇದು.

ಹೆಬ್ಬೆ ಫಾಲ್ಸ್ ಬಗ್ಗೆ ಜಾಸ್ತಿ ಹೇಳಲ್ಲ. ಎರಡು ಹಂತದಲ್ಲಿ 168 ಮೀಟರ್ ಬೀಳೋ ನೀರು, ಯಾರ್ಗೆ ಬೇಡ. ಆದ್ರೆ ಅದು ಕಾಡು, ಭದ್ರಾ ಹುಲಿ ಮೀಸಲು ಪ್ರದೇಶದ ಜಾಗ, ಜೀಪಲ್ಲಿ ಹೋಗಿ ಆಮೇಲೆ ನಡೀಬೇಕು, ಮಳೆಗಾಲ ಆದ್ರೆ ಇಂಬಳ (ಜಿಗಣೆ) ಕಾಲು ಬಿಡಲ್ಲ, ಇದ್ಯಾವುದೂ ಗೊತ್ತಿಲ್ದೆ ಚಪ್ಪಲೀಲಿ ಬರೋರನ್ನ ದಿನಾ ನೋಡ್ತೀವಿ. ಜೀಪಿನ ರೇಟು, ಟೈಮಿಂಗು, ಏನು ತರ್ಬೇಕು ಅನ್ನೋದು ಗುಡ್ಡದ ಕೆಳಗೇ ಬರೆದಿದ್ರೆ ಜೀಪಿನ ಹುಡುಗ್ರ ಜೊತೆ ಜಗಳನೂ ತಪ್ಪತ್ತೆ. ಆ ನೀರಿಗೆ ಔಷಧಿ ಗುಣ ಇದೆ ಅಂತ ಹಿರಿಯರು ಹೇಳ್ತಾರೆ, ಬೋರ್ಡಲ್ಲಿ ಅದನ್ನ ಜನರ ನಂಬಿಕೆ ಅಂತ್ಲೇ ಹಾಕಿ, ಚರ್ಮರೋಗ ಗ್ಯಾರಂಟಿ ವಾಸಿ ಅಂತೆಲ್ಲ ಬರೆಸಿ ಆಮೇಲೆ ಬೈಸ್ಕೊಳೋದು ಬೇಡ.

ದೊಡ್ಡ ರೆಸಾರ್ಟು, ಗ್ಲಾಸ್ ಬ್ರಿಡ್ಜು ನಾವು ಕೇಳ್ತಿಲ್ಲ, ಬಂದ್ರೂ ಬೇಡ ಅಂತೀವಿ, ಈಗಿರೋ ರೋಡಿನ ತಿರುವಲ್ಲಿ ಎರಡು ಗಾಡಿ ಎದುರುಬದುರಾದ್ರೆ ಒಂದು ರಿವರ್ಸ್ ಹೋಗ್ಬೇಕು. ಮುಂದಿನ ಮೀಟಿಂಗಲ್ಲಿ ಈ ವಿಷಯ ತಗೊಂಡು, ಮಳೆ ಹಿಡಿಯೋ ಮುಂಚೆ ಒಮ್ಮೆ ಸ್ಥಳಕ್ಕೆ ಬನ್ನಿ. ಜೀಪಿನೋರು, ಅಂಗಡಿಯೋರು, ದೇವಸ್ಥಾನದೋರು ಎಲ್ಲರನ್ನೂ ನಾವೇ ಸೇರಿಸ್ತೀವಿ, ಬೋರ್ಡಿಗೆ ಹಳೇ ಫೋಟೋ ಬೇಕಾದ್ರೆ ಮನೆಮನೆ ಕೇಳಿ ತಂದು ಕೊಡೋ ಜವಾಬ್ದಾರಿನೂ ನಮ್ದೇ.

ಇಂತಿ ತಮ್ಮ ವಿಶ್ವಾಸಿಗಳು,
ಗುಡ್ಡದ ದಾರಿಯ ನಿವಾಸಿಗಳು
(ಸಹಿಗಳು ಲಗತ್ತಿಸಿದೆ)